ಓದುಗರ ಪ್ರಶ್ನೆ: ಡಿಜಿಟಲ್ ಫೈಲ್ ಮಾರಾಟಕ್ಕಿಡುವ ಮುನ್ನ

ಪ್ರಶ್ನೆ: ಕೆಲಸ ಬಿಡದೆ, ಬಿಡುವಿನ ವೇಳೆಯಲ್ಲಿ ಪ್ಲಾನರ್, ಎಕ್ಸೆಲ್ ಟೆಂಪ್ಲೇಟ್‌ಗಳನ್ನು ಮಾರಬೇಕೆಂದಿದ್ದೇನೆ. ನೂರು ಪುಟದ ಪ್ಲಾನರ್ ಒಂದು ಅರ್ಧ ಮುಗಿದಿದೆ. ಪೂರ್ತಿ ಮಾಡಿಯೇ ಮಾರಾಟಕ್ಕಿಡಲೇ?

ಉತ್ತರ: ಬೇಡ, ಆ ನೂರು ಪುಟವನ್ನು ಸದ್ಯ ಪಕ್ಕಕ್ಕಿಡಿ. ಎಲ್ಲರಿಗೂ ಆಗಲೆಂದು ಮಾಡಿದ ಪ್ಲಾನರ್ ಯಾರಿಗೂ ತಮ್ಮದೆನ್ನಿಸುವುದಿಲ್ಲ. ಒಬ್ಬರ ಒಂದು ಕೆಲಸ ಹಿಡಿಯಿರಿ: ಮನೆಪಾಠ ಹೇಳುವವರಿಗೆ ಹಾಜರಿ ಮತ್ತು ಫೀಸಿನ ಲೆಕ್ಕ, ಹೊಲಿಗೆಯವರಿಗೆ ಗಿರಾಕಿಯ ಅಳತೆ ಮತ್ತು ಬಟ್ಟೆ ಕೊಡುವ ತಾರೀಕು. ಮೂರರಿಂದ ಐದು ಪುಟ ಸಾಕು. ಮಾರಾಟದ ತಾಣದಲ್ಲಿ ಅಂಥದ್ದೇ ಫೈಲ್‌ಗಳನ್ನು ಹುಡುಕಿ, ಮೂರು ನಕ್ಷತ್ರದ ವಿಮರ್ಶೆಗಳನ್ನು ಓದಿ. ಐದು ಕೊಟ್ಟವರು ‘ಚೆನ್ನಾಗಿದೆ’ ಎಂದಷ್ಟೇ ಬರೆದಿರುತ್ತಾರೆ. ಮೂರು ಕೊಟ್ಟವರು ಏನು ಕಡಿಮೆಯಾಯಿತೆಂದು ಹೇಳಿರುತ್ತಾರೆ. ನೀವು ಮಾಡಬೇಕಾದ್ದು ಅಲ್ಲಿದೆ.

ಪ್ರಶ್ನೆ: ಕನ್ನಡದಲ್ಲಿ ಮಾಡಿದ ಪ್ಲಾನರ್ ನನ್ನ ಕಂಪ್ಯೂಟರಿನಲ್ಲಿ ಸರಿಯಿದೆ. ಕೊಂಡವರು ಮಾತ್ರ ಅಂಚು ಕತ್ತರಿಸಿಹೋಗಿದೆ, ಅಕ್ಷರ ಮಸುಕಾಗಿದೆ, ಕೆಲವೆಡೆ ಒತ್ತಕ್ಷರ ಒಡೆದಿದೆ ಎನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಮೂರೂ ಬೇರೆ ಬೇರೆ ತಪ್ಪುಗಳು.

ಮೊದಲು ಅಂಚು. ಎ4 ಹಾಳೆ 210 × 297 ಮಿ.ಮೀ. ಅಮೆರಿಕದಲ್ಲಿ ಬಳಸುವ ಲೆಟರ್ ಹಾಳೆ ಸುಮಾರು 216 × 279 ಮಿ.ಮೀ. ಎ4 ಫೈಲನ್ನು ಲೆಟರ್ ಹಾಳೆಯ ಮೇಲೆ ‘ಆಕ್ಚುಯಲ್ ಸೈಜ್’ ಕೊಟ್ಟು ಮುದ್ರಿಸಿದರೆ ಉದ್ದದಲ್ಲಿ 18 ಮಿ.ಮೀ. ಹೊರಗುಳಿಯುತ್ತದೆ, ‘ಫಿಟ್’ ಕೊಟ್ಟರೆ ಪುಟವೆಲ್ಲ ಕುಗ್ಗಿ, ಬರೆಯುವ ಗೆರೆಗಳೂ ಕಿರಿದಾಗುತ್ತವೆ. ಹೊರದೇಶಕ್ಕೂ ಮಾರುವುದಾದರೆ ಎರಡು ಅಳತೆಗೂ ಬೇರೆ ಬೇರೆ ವಿನ್ಯಾಸ ಮಾಡಿಕೊಡಿ. ಜೊತೆಗೆ, ಮನೆಯ ಪ್ರಿಂಟರುಗಳಲ್ಲಿ ಹೆಚ್ಚಿನವು ಹಾಳೆಯ ತುದಿಯವರೆಗೆ ಮುದ್ರಿಸುವುದಿಲ್ಲ. ಸುತ್ತ ಕನಿಷ್ಠ 6 ಮಿ.ಮೀ., ತೂತು ಹೊಡೆದು ಫೈಲಿಗೆ ಹಾಕುವ ಬದಿಯಲ್ಲಿ 15ರಿಂದ 20 ಮಿ.ಮೀ. ಜಾಗ ಬಿಡಿ. ಎರಡೂ ಬದಿ ಮುದ್ರಿಸುವ ಪುಟಗಳಲ್ಲಿ ಈ ಜಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರಬೇಕು. ಇದನ್ನು ಮರೆಯುವವರೇ ಹೆಚ್ಚು.

ಮಸುಕಿಗೆ ಕಾರಣ, ಪುಟವನ್ನು ಚಿತ್ರವಾಗಿ ಉಳಿಸಿದ್ದು. ಎ4 ಪುಟ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) 2480 × 3508 ಪಿಕ್ಸೆಲ್ ಇರಬೇಕು. 595 × 842ರಲ್ಲಿ ಮಾಡಿದ್ದು ಪರದೆಯ ಮೇಲೆ ಚೆಂದ ಕಂಡರೂ ಕಾಗದದ ಮೇಲೆ ಮಸುಕು. ಗೆರೆ, ಅಕ್ಷರಗಳೇ ಇರುವ ಪುಟವನ್ನು ಚಿತ್ರವಾಗಿಸದೆ ನೇರವಾಗಿ ಪಿಡಿಎಫ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಈ ತಾಪತ್ರಯವೇ ಇಲ್ಲ.

ಒತ್ತಕ್ಷರ ಒಡೆಯುವುದು ಹೆಚ್ಚಾಗಿ ವಿನ್ಯಾಸದ ತಂತ್ರಾಂಶದಲ್ಲೇ, ಕೆಲವೆಡೆ ಮಾತ್ರವಾದರೆ ನಿಮ್ಮ ಕಣ್ಣಿಗೆ ಬಿದ್ದಿರಲಾರದು. ಇನ್‌ಡಿಸೈನ್‌ನಲ್ಲಾದರೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಠ್ಯ ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಯುನಿಕೋಡ್ ಫಾಂಟ್‌ಗಳು. ಎರಡೂ ಮುಕ್ತ ಪರವಾನಗಿಯವು, ಮಾರುವ ಫೈಲಿನಲ್ಲೂ ಬಳಸಬಹುದು. ಕೊನೆಗೆ ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ ತೆರೆದು, ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ (ಫಾಂಟ್ ಫೈಲಿನೊಳಗೇ ಸೇರಿದೆ) ಎಂದಿದೆಯೇ ನೋಡಿ. ಮತ್ತೊಬ್ಬರ ಫೋನಿನಲ್ಲಿ ತೆರೆಸಿ. ಒಂದು ಪ್ರತಿ ಕಪ್ಪುಬಿಳುಪಿನಲ್ಲಿ ಮುದ್ರಿಸಿ, ಪೆನ್ನು ಹಿಡಿದು ತುಂಬಿ. ಪೆನ್ನಿಗೆ 7 ಮಿ.ಮೀ.ಗಿಂತ ಕಿರಿದಾದ ಸಾಲು ಇಕ್ಕಟ್ಟೆಂದು ಆಗ ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಗೂಗಲ್ ಶೀಟ್ ಟೆಂಪ್ಲೇಟಿನ ಲಿಂಕ್ ಕೊಟ್ಟಿದ್ದೆ. ಒಬ್ಬರು ತುಂಬಿದ ಲೆಕ್ಕ ಇನ್ನೊಬ್ಬರಿಗೆ ಕಾಣಿಸಿತಂತೆ!

ಉತ್ತರ: ತಿದ್ದುವ ಅನುಮತಿಯ ಲಿಂಕ್ ಕೊಟ್ಟಿದ್ದೀರಿ, ಎಲ್ಲರೂ ಒಂದೇ ಹಾಳೆಯಲ್ಲಿ ಬರೆಯುತ್ತಿದ್ದಾರೆ. ಈಗಲೇ ಅದನ್ನು ‘ವ್ಯೂವರ್’ಗೆ (ನೋಡಲಷ್ಟೇ ಅನುಮತಿ) ಇಳಿಸಿ, ಲೆಕ್ಕ ಬರೆದವರಿಗೆ ವಿಷಯ ತಿಳಿಸಿ ಅವರ ಭಾಗವನ್ನು ಪ್ರತಿ ಮಾಡಿ ಕಳಿಸಿ, ಆಮೇಲೆ ಮೂಲದಿಂದ ಅಳಿಸಿ. ಹಳೆಯ ತಿದ್ದುಪಡಿಗಳ ಚರಿತ್ರೆ ಅದರಲ್ಲಿ ಉಳಿಯುವುದರಿಂದ, ಮುಂದಿನ ಮಾರಾಟಕ್ಕೆ ಹೊಸ ಪ್ರತಿಯನ್ನೇ ಬಳಸಿ. ಅದರ ಲಿಂಕ್‌ನಲ್ಲಿ ‘ಎಡಿಟ್’ ಎಂಬುದರಿಂದ ಕೊನೆಯವರೆಗೆ ಇರುವುದನ್ನೆಲ್ಲ ತೆಗೆದು ‘ಕಾಪಿ’ ಎಂದು ಇಂಗ್ಲಿಷಿನಲ್ಲಿ ಹಾಕಿದರೆ, ತೆರೆದವರಿಗೆ ತಮ್ಮದೇ ಪ್ರತಿ ಮಾಡಿಕೊಳ್ಳುವ ಗುಂಡಿ ಬರುತ್ತದೆ. ಎಕ್ಸೆಲ್‌ಗೂ ಕೊಡುವುದಾದರೆ ಗೂಗಲ್‌ನ ಕ್ವೆರಿ ಸೂತ್ರ ಅಲ್ಲಿ ನಡೆಯುವುದಿಲ್ಲ. ಎಕ್ಸ್‌ಲುಕಪ್ ಸೂತ್ರವೂ ಎಕ್ಸೆಲ್ 2019ರಲ್ಲಿ ಇಲ್ಲ.

ಪ್ರಶ್ನೆ: ಆನ್‌ಲೈನ್ ವಿನ್ಯಾಸ ತಾಣ ಕ್ಯಾನ್ವಾದ ಚಿತ್ರಗಳನ್ನು ಬಳಸಿ ಮಾರಬಹುದೇ?

ಉತ್ತರ: ನಿಮ್ಮ ಸ್ವಂತ ವಿನ್ಯಾಸದ ಭಾಗವಾಗಿ ಬಳಸಬಹುದು. ಅಲ್ಲಿನ ಒಂದು ಚಿತ್ರವನ್ನು ಇದ್ದ ಹಾಗೇ ಕೊಟ್ಟು ಹಣ ಪಡೆಯುವಂತಿಲ್ಲ. ತಿದ್ದಬಹುದಾದ ಟೆಂಪ್ಲೇಟ್ ಮಾರುವುದಾದರೆ ಉಚಿತ ಅಂಶಗಳನ್ನೇ ಬಳಸುವುದು ಮೇಲು. ಹಣ ಕೊಟ್ಟವರಿಗಷ್ಟೇ ಸಿಗುವ ಪ್ರೊ ಅಂಶವಿದ್ದರೆ ಪ್ರೊ ಖಾತೆ ಇಲ್ಲದ ಗಿರಾಕಿಗೆ ಅದರ ಮೇಲೆ ನೀರುಗುರುತು ಕಾಣುತ್ತದೆ, ದೂರು ನಿಮಗೇ ಬರುತ್ತದೆ.

ಪ್ರಶ್ನೆ: ಬೆಲೆ ಎಷ್ಟಿಡಲಿ?

ಉತ್ತರ: ತಾಣದ ಶುಲ್ಕದಲ್ಲಿ ಶೇಕಡಾವಾರು ಭಾಗದ ಜೊತೆಗೆ ಪ್ರತಿ ಮಾರಾಟಕ್ಕೆ ನಿಗದಿಯ ಭಾಗವೂ ಇದೆಯೇ ನೋಡಿ. ನಿಗದಿಯ ಭಾಗ 30 ರೂಪಾಯಿ ಎಂದಿಟ್ಟುಕೊಳ್ಳಿ: 100ಕ್ಕೆ ಮಾರಿದರೆ ಶೇ 30 ಅದಕ್ಕೇ ಹೋಯಿತು, 500ಕ್ಕಾದರೆ ಶೇ 6. ಅಗ್ಗದ ಒಂಟಿ ಹಾಳೆಗಳನ್ನು ನಾಲ್ಕೈದು ಸೇರಿಸಿ ಕಟ್ಟಾಗಿ ಮಾರುವುದು ಇದಕ್ಕೇ. ಮಾರಾಟದ ತಾಣ ಎಟ್ಸಿಯಲ್ಲಿ ಒಂದು ಲಿಸ್ಟಿಂಗ್‌ಗೆ (ಮಾರಾಟಕ್ಕಿಟ್ಟ ಒಂದು ವಸ್ತುವಿಗೆ) 5 ಫೈಲ್, ತಲಾ 20 ಎಂಬಿ ಮಿತಿಯಿದೆ. ಕಟ್ಟು ಅದರೊಳಗೆ ಹಿಡಿಯಬೇಕು. ವಿವರಣೆಯ ಮೊದಲ ಸಾಲಿನಲ್ಲೇ ‘ಇದು ಡಿಜಿಟಲ್ ಫೈಲ್, ಅಂಚೆಯಲ್ಲಿ ಏನೂ ಬರುವುದಿಲ್ಲ’ ಎಂದು ಬರೆಯಿರಿ.