ಅಪ್ಪನ ಕಾಲ ಅಷ್ಟು ಸುಲಭವಿತ್ತೇ?

(ಕಳೆದ ಸಂಚಿಕೆಯಲ್ಲಿ ಹಿರಿಯರೊಬ್ಬರು, ‘ಈಗಿನವರಿಗೆ ಎಲ್ಲವೂ ಕೈಗೆ ಸಿಗುತ್ತದೆ, ಆದರೂ ಗೊಣಗಾಟ ನಿಲ್ಲುವುದಿಲ್ಲ’ ಎಂದು ಬರೆದಿದ್ದರು. ಅದಕ್ಕೆ 31 ವರ್ಷದ ಓದುಗರೊಬ್ಬರು ನಾಲ್ಕು ಪುಟದ ಉತ್ತರ ಕಳಿಸಿದ್ದಾರೆ. ‘ನನ್ನ ವಯಸ್ಸಿಗೆ ಅಪ್ಪ ಒಂದೇ ಸಂಬಳದಲ್ಲಿ ಮನೆ ಮಾಡಿದ್ದರು, ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ನಾನು, ನನ್ನ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಆದರೂ ಬಾಡಿಗೆ ಮನೆ. ಅಪ್ಪನನ್ನು ಕೇಳಿದರೆ, ನಿಮ್ಮ ಕೈ ಬಿಗಿ ಇಲ್ಲ, ಫೋನು, ಪ್ರವಾಸ ಅಂತ ಕಳೆಯುತ್ತೀರಿ ಅನ್ನುತ್ತಾರೆ. ಊಟಕ್ಕೆ ಕೂತಾಗೆಲ್ಲ ಇದೇ ಜಗಳ. ಯಾರು ಸರಿ, ನೀವೇ ಹೇಳಿ’ ಎಂಬುದು ಅವರ ಪ್ರಶ್ನೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆವು. ಹತ್ತು ನಿಮಿಷದಲ್ಲಿ ಎರಡು ಪಂಗಡವಾಯಿತು. ಕನ್ನಡಕವನ್ನು ಹಣೆಗೇರಿಸಿ ಓದುವವರು ಒಂದು ಕಡೆ, ಕನ್ನಡಕವೇ ಬೇಡದವರು ಇನ್ನೊಂದು ಕಡೆ. ನಾನು ಹಣೆಗೇರಿಸುವ ಕಡೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇದೇ ಪುಟದಲ್ಲಿ ನಾನು ಕಿರಿಯರಿಗೆ ಉಳಿತಾಯದ ಪಾಠ ಹೇಳಿದ್ದೆ. ಫೋನು ಬದಲಾಯಿಸುವುದನ್ನು ಬಿಟ್ಟರೆ ಮನೆ ತಾನಾಗಿ ಬರುತ್ತದೆ ಎಂಬ ಧಾಟಿ. ಲೆಕ್ಕ ಹಾಕದೆ ಸುಮ್ನೆ ಬರೆದಿದ್ದೆ. ಫೋನಿನ ಬೆಲೆಯನ್ನು ಸಂಬಳದ ದಿನಗಳಲ್ಲಿ ಎಣಿಸಬಹುದು. ಮನೆಯ ಬೆಲೆಯನ್ನು ವರ್ಷಗಳಲ್ಲಿ ಎಣಿಸಬೇಕು. ದಿನಗಳನ್ನು ಉಳಿಸಿ ವರ್ಷಗಳನ್ನು ಕೊಳ್ಳಲು ಆಗುವುದಿಲ್ಲ.

ಹೀಗೆ ಬೆಲೆಯನ್ನು ದುಡಿಮೆಯ ಹೊತ್ತಿನಲ್ಲಿ ಎಣಿಸುವುದು ಹಳೆಯ ಉಪಾಯ. ಫ್ರಾನ್ಸ್‌ನ ಅರ್ಥಶಾಸ್ತ್ರಜ್ಞ ಝಾನ್ ಫುರಾಸ್ತಿಯೆ ಇದನ್ನೇ ಮಾಡುತ್ತಿದ್ದರು. ಒಂದು ವಸ್ತುವನ್ನು ಕೊಳ್ಳಲು ಸಾಮಾನ್ಯ ಕೂಲಿಕಾರ ಎಷ್ಟು ಗಂಟೆ ದುಡಿಯಬೇಕು? ಅದೇ ಅದರ ನಿಜವಾದ ಬೆಲೆ. ಹೀಗೆ ನೋಡಿದರೆ ದೊಡ್ಡ ನಿಲುವುಗನ್ನಡಿಯ ಬೆಲೆ ಕೆಲವು ಶತಮಾನಗಳಲ್ಲಿ ನೆಲ ಕಚ್ಚಿದೆ. ಕೂದಲು ಕತ್ತರಿಸುವ ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಯಾಕೆ? ಕನ್ನಡಿಯ ಕಾರ್ಖಾನೆಗೆ ಯಂತ್ರ ಬಂತು. ಕತ್ತರಿ ಮಾತ್ರ ಇಂದಿಗೂ ಒಂದು ಸಲಕ್ಕೆ ಒಂದೇ ತಲೆ.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೊಲ್ 1960ರ ದಶಕದಲ್ಲಿ ಇದನ್ನೇ ಸಂಗೀತದ ಉದಾಹರಣೆಯಿಂದ ಹೇಳಿದರು. ಬೀಥೋವನ್ ನಾಲ್ವರಿಗಾಗಿ ಬರೆದ ಕೃತಿಯನ್ನು ನುಡಿಸಲು ಅಂದೂ ನಾಲ್ವರು ಬೇಕಿತ್ತು, ಇಂದೂ ನಾಲ್ವರೇ ಬೇಕು. ಬೇಗ ಬೇಗ ನುಡಿಸಿದರೆ ಉಳಿತಾಯವಾಗುವುದಿಲ್ಲ, ಹಾಳಾಗುತ್ತದೆ ಅಷ್ಟೇ. ಆದರೆ ಬೇರೆ ಕಡೆ ಸಂಬಳ ಏರಿದಾಗ ಈ ನಾಲ್ವರಿಗೂ ಜಾಸ್ತಿ ಕೊಡಲೇಬೇಕು, ಇಲ್ಲದಿದ್ದರೆ ಅವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಪಾಠ ಹೇಳುವುದು, ರೋಗಿಯನ್ನು ನೋಡಿಕೊಳ್ಳುವುದು, ಮಗುವನ್ನು ಆಡಿಸುವುದು ಎಲ್ಲ ಈ ಗುಂಪಿಗೇ ಸೇರುತ್ತವೆ. ಹಾಗಾಗಿ ಟಿವಿ ಅಗ್ಗವಾಯಿತು, ಫೀಸು ತುಟ್ಟಿಯಾಯಿತು. ನಿಮ್ಮಪ್ಪ ನಿಮ್ಮ ಮನೆಯೊಳಗೆ ಕಣ್ಣಾಡಿಸುತ್ತಾರೆ, ಅಗ್ಗವಾದದ್ದೆಲ್ಲ ಅಲ್ಲೇ ಕಾಣುತ್ತದೆ. ತುಟ್ಟಿಯಾದದ್ದು ಕಾಣುವುದು ನಿಮ್ಮ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ. ಅದನ್ನು ಅವರು ನೋಡುವುದಿಲ್ಲ.

ಇನ್ನು ಮನೆ. ಇಲ್ಲಿ ನಿಮ್ಮ ಸಿಟ್ಟಿಗೆ ಗಟ್ಟಿ ಆಧಾರವಿದೆ. ಇಂಗ್ಲೆಂಡಿನಲ್ಲಿ 1997ರಲ್ಲಿ ಮಧ್ಯಮ ಬೆಲೆಯ ಮನೆಗೆ ಮಧ್ಯಮ ವಾರ್ಷಿಕ ಸಂಬಳದ ಸುಮಾರು 3.5 ಪಟ್ಟು ಸಾಕಿತ್ತು. 2023ಕ್ಕೆ ಅದು 8 ಪಟ್ಟು ದಾಟಿತ್ತು. ಇಟ್ಟಿಗೆ, ಸಿಮೆಂಟಿನಿಂದ ಹೀಗಾಗಲಿಲ್ಲ. 14 ಶ್ರೀಮಂತ ದೇಶಗಳ 1870ರಿಂದೀಚಿನ ಬೆಲೆಗಳನ್ನು ಮೂವರು ಅರ್ಥಶಾಸ್ತ್ರಜ್ಞರು ಕೂಡಿಹಾಕಿ 2017ರಲ್ಲಿ ಪ್ರಕಟಿಸಿದರು. ಎರಡನೇ ಮಹಾಯುದ್ಧದ ನಂತರ ಮನೆಗಳ ಬೆಲೆ ಏರಿದ್ದರಲ್ಲಿ ಸುಮಾರು ಶೇ 80ರಷ್ಟು ನೆಲದ ಪಾಲು ಎಂಬುದು ಅವರ ಲೆಕ್ಕ. ನೆಲ ಹೊಸದಾಗಿ ಹುಟ್ಟುವುದಿಲ್ಲ. ಮೊದಲು ಬಂದವರು ಕೂತಾಗಿದೆ. ಆಮೇಲೆ ಬಂದವರು ಅವರಿಂದಲೇ ಕೊಳ್ಳಬೇಕು.

ಆದರೆ ನಿಮ್ಮಪ್ಪನ ಪರವಾಗಿ ಒಂದು ಮಾತು ಹೇಳದಿದ್ದರೆ ನಮ್ಮ ಪಂಗಡದವರು ನನ್ನನ್ನು ಬಿಡುವುದಿಲ್ಲ. ಬಡ್ಡಿಯ ವಿಷಯ ತೆಗೆದುಕೊಳ್ಳಿ. ಅಮೆರಿಕದಲ್ಲಿ 1981ರ ಅಕ್ಟೋಬರಿನಲ್ಲಿ ಮನೆ ಸಾಲದ ಬಡ್ಡಿ ಶೇ 18 ದಾಟಿತ್ತು. ಮನೆ ಅಗ್ಗವಿತ್ತು ನಿಜ, ಸಾಲ ಅಗ್ಗವಿರಲಿಲ್ಲ. ಬೆಲೆಗಳ ಜೊತೆ ಸಂಬಳವೂ ಏರುತ್ತಿದ್ದ ಕಾಲ ಅದು. ಮೊದಮೊದಲು ಉಸಿರು ಕಟ್ಟಿಸಿದ ಕಂತು ಆಮೇಲಾಮೇಲೆ ಹಗುರವಾಗುತ್ತಿತ್ತು. ಅವರ ತಲೆಮಾರಿಗೆ ದೊಡ್ಡ ಬಡ್ಡಿ, ಚಿಕ್ಕ ಅಸಲು. ನಿಮ್ಮ ತಲೆಮಾರಿಗೆ ಅಸಲೇ ಬೆಟ್ಟ.

ಬರೀ ದುಡ್ಡಿನ ಮಾತೂ ಅಲ್ಲ ಇದು. 1950ರಲ್ಲಿ ಜಗತ್ತಿನ ಸರಾಸರಿ ಆಯಸ್ಸು 50 ಮುಟ್ಟಿರಲಿಲ್ಲ. 2019ರ ಹೊತ್ತಿಗೆ 70 ದಾಟಿತ್ತು. 1990ರಲ್ಲೂ ಹುಟ್ಟಿದ 11 ಮಕ್ಕಳಲ್ಲಿ ಒಂದು ಮಗು ಐದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. 2022ರಲ್ಲಿ ಅದು 27ಕ್ಕೆ ಒಂದು. ಸಿಡುಬು ಇಲ್ಲವಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಸಿಡುಬಿನ ಭಯ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಎಷ್ಟು ದೊಡ್ಡ ಸಂಪತ್ತು! ಅದು ಯಾವ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ಮುಳ್ಳಿನ ಹಾಗೆ ಚುಚ್ಚಿದ ಮಾತಿಗೆ ಬರುತ್ತೇನೆ. ‘ಒಂದೇ ಸಂಬಳದಲ್ಲಿ.’ ನಾಲ್ಕು ಪುಟದಲ್ಲಿ ಐದು ಸಲ ಬರೆದಿದ್ದೀರಿ. ಪ್ರೂಫ್ ನೋಡುವ ನಮ್ಮ ಸಹೋದ್ಯೋಗಿ ಐದಕ್ಕೂ ಕೆಂಪು ಗೆರೆ ಎಳೆದು, ಅಂಚಿನಲ್ಲಿ ‘ಅಮ್ಮ ಎಲ್ಲಿ?’ ಎಂದು ಗುರುತು ಹಾಕಿದ್ದರು. ಸಂಬಳ ಒಂದೇ ಇತ್ತು, ದುಡಿಯುವವರು ಇಬ್ಬರಿದ್ದರು ಅಲ್ವಾ? ಬಟ್ಟೆ ಒಗೆಯುವುದು, ಅಡುಗೆ, ಮಕ್ಕಳು, ಮನೆಯ ಮುದುಕರು, ಕಾಯಿಲೆ ಬಿದ್ದವರು. ಇವತ್ತು ನೀವಿಬ್ಬರೂ ಹೊರಗೆ ದುಡಿಯುತ್ತೀರಿ, ಆ ಕೆಲಸಗಳಲ್ಲಿ ಕೆಲವನ್ನು ದುಡ್ಡು ಕೊಟ್ಟು ಮಾಡಿಸುತ್ತೀರಿ. ಹಾಗಾಗಿ ಅವು ಈಗ ‘ಖರ್ಚು’ ಎಂದು ಕಾಣುತ್ತವೆ. ಅಂದು ಅವಕ್ಕೆ ಬೆಲೆಯೇ ಇರಲಿಲ್ಲ. ದೇಶದ ಆದಾಯದ ಲೆಕ್ಕದಲ್ಲೂ ಮನೆಗೆಲಸ ಬರುವುದಿಲ್ಲ, ಇಂದಿಗೂ.

ಬೇಕೆಂದು ಮನೆಯಲ್ಲಿ ಕೂತವರೆಷ್ಟು, ಬೇರೆ ದಾರಿಯಿಲ್ಲದೆ ಕೂತವರೆಷ್ಟು? ಸ್ಪೇನ್‌ನಲ್ಲಿ 1975ರವರೆಗೆ ಮದುವೆಯಾದ ಹೆಂಗಸಿಗೆ ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆರೆಯಲು ಗಂಡನ ಒಪ್ಪಿಗೆ ಬೇಕಿತ್ತು. ಹೆಂಗಸು ಎಂಬ ಕಾರಣಕ್ಕೆ ಸಾಲ ನಿರಾಕರಿಸಬಾರದು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದೇ 1974ರಲ್ಲಿ. ‘ಆ ಕಾಲ ಸುಲಭವಿತ್ತು’ ಎನ್ನುವಾಗ ಯಾರಿಗೆ ಎಂದು ಕೇಳಿಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ. ನೀವು ನಿಮ್ಮನ್ನು ಅಪ್ಪನ ಜೊತೆ ಹೋಲಿಸಿಕೊಂಡಿದ್ದೀರಿ. ನಿಮ್ಮ ಹೆಂಡತಿ ನಿಮ್ಮ ಅಮ್ಮನ ಜೊತೆ ಹೋಲಿಸಿಕೊಂಡರೆ ಪತ್ರ ಬೇರೆಯೇ ಆಗುತ್ತಿತ್ತೇನೋ.

ಹಾಗಾದರೆ ಇಬ್ಬರೂ ಸರಿ ಎಂದು ಕೈ ತೊಳೆದುಕೊಳ್ಳುತ್ತಿದ್ದೇನೆಯೇ? ಇಲ್ಲ. ನನಗನಿಸುವುದು, ನೀವಿಬ್ಬರೂ ಜಗಳ ಆಡುತ್ತಿರುವುದು ಎತ್ತರದ ಬಗ್ಗೆ. ನಿಮಗೆ ನೋವಾಗುತ್ತಿರುವುದು ಏರಿನ ಬಗ್ಗೆ. ಮೆಟ್ಟಿಲಿನ ಚಿತ್ರ ಕಣ್ಣಮುಂದೆ ತಂದುಕೊಳ್ಳಿ. ನಿಮ್ಮಪ್ಪ ಶುರು ಮಾಡಿದ ಮೆಟ್ಟಿಲು ನಿಮ್ಮದಕ್ಕಿಂತ ತುಂಬ ಕೆಳಗಿತ್ತು. ಆದರೆ ಕಾಲಿಟ್ಟಲ್ಲೆಲ್ಲ ಮುಂದಿನ ಮೆಟ್ಟಿಲು ಸಿಕ್ಕಿತು. ನೀವು ಎತ್ತರದಲ್ಲೇ ಹುಟ್ಟಿದಿರಿ, ಮುಂದಿನದು ಕಾಲಿಗೆ ಸಿಗುತ್ತಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು ಇದನ್ನು ಅಳೆದರು. ಅಮೆರಿಕದಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ 90 ಮಂದಿ 30ರ ವಯಸ್ಸಿಗೆ, ಅದೇ ವಯಸ್ಸಿನಲ್ಲಿ ತಮ್ಮ ಹೆತ್ತವರು ಗಳಿಸುತ್ತಿದ್ದುದಕ್ಕಿಂತ ಜಾಸ್ತಿ ಗಳಿಸುತ್ತಿದ್ದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅಂಥವರು ಅರ್ಧದಷ್ಟು ಮಾತ್ರ. ಬೆಳವಣಿಗೆ ನಿಧಾನವಾದದ್ದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಬೆಳೆದದ್ದು ಹಂಚಿಕೆಯಾದ ರೀತಿ ಎಂದು ಅವರು ಕಂಡುಕೊಂಡರು. ಸೋಮಾರಿತನ, ದುಂದು ಅವರ ಪಟ್ಟಿಯಲ್ಲಿ ಇಲ್ಲ. ಎಲ್ಲ ದೇಶದಲ್ಲೂ ಹೀಗೇ ಅಲ್ಲ. 1978ರಲ್ಲಿ ಆರ್ಥಿಕ ಸುಧಾರಣೆ ಶುರುವಾದ ಮೇಲೆ ಚೀನಾದಲ್ಲಿ ಬೆಳೆದವರು ಹೆತ್ತವರು ಕನಸಿನಲ್ಲೂ ಕಾಣದ ಎತ್ತರ ಏರಿದರು.

ಇಷ್ಟು ಹೇಳಿದರೂ ಊಟದ ಹೊತ್ತಿನ ಜಗಳ ನಿಲ್ಲುವುದಿಲ್ಲ, ಗೊತ್ತು. ಶಾಯ್ ಡೇವಿಡೈ, ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2016ರಲ್ಲಿ ಒಂದು ಚೆಂದದ ಅಧ್ಯಯನ ಪ್ರಕಟಿಸಿದರು. ಸೈಕಲ್ ತುಳಿಯುವವನಿಗೆ ಎದುರುಗಾಳಿ ಕ್ಷಣಕ್ಷಣವೂ ಗೊತ್ತಾಗುತ್ತದೆ. ಬೆನ್ನಿಗೆ ಬೀಸುವ ಗಾಳಿ ಎರಡು ನಿಮಿಷದಲ್ಲಿ ಮರೆತುಹೋಗುತ್ತದೆ, ತಾನೇ ಚೆನ್ನಾಗಿ ತುಳಿಯುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಒಡಹುಟ್ಟಿದವರನ್ನು ಕೇಳಿದಾಗಲೂ ಹಾಗೇ ಆಯಿತಂತೆ. ಅಪ್ಪ ಅಮ್ಮ ನನ್ನ ಮೇಲೇ ಜಾಸ್ತಿ ಬಿಗಿ ಇದ್ದರು ಎಂದು ದೊಡ್ಡವರೂ ಹೇಳಿದರು, ಚಿಕ್ಕವರೂ ಹೇಳಿದರು. ನಿಮ್ಮಪ್ಪನಿಗೆ ಆ ಶೇ 18ರಂಥ ಬಡ್ಡಿಗಳು ನೆನಪಿರುತ್ತವೆ, ನೆಲ ಅಗ್ಗವಿದ್ದದ್ದು ನೆನಪಿರುವುದಿಲ್ಲ. ನಿಮಗೆ ನೆಲದ ಬೆಲೆ ಗೊತ್ತು, ಲಸಿಕೆ ಲೆಕ್ಕಕ್ಕಿಲ್ಲ.

‘ಅಪ್ಪ, ನಿಮ್ಮ ಕಾಲ ಸುಲಭ’ ಎಂದಾಗ ಅವರಿಗೆ ಕೇಳಿಸುವುದು ‘ನೀವು ಬೆವರು ಸುರಿಸಲಿಲ್ಲ’ ಎಂದು. ‘ಕೈ ಬಿಗಿ ಮಾಡು’ ಎಂದು ಅವರು ಹೇಳಿದಾಗ ನಿಮಗೆ ಕೇಳಿಸುವುದು ‘ನೀನು ಕೈಲಾಗದವನು’ ಎಂದು. ಮುಂದಿನ ಸಲ ಸುಲಭ, ಕಷ್ಟ ಎರಡೂ ಮಾತು ಬಿಟ್ಟು ಲೆಕ್ಕ ಕೇಳಿ. ಮನೆ ಕೊಂಡಾಗ ಎಷ್ಟು ವರ್ಷದ ಸಂಬಳ ಆಯಿತು, ಕಂತು ಎಷ್ಟು, ತಿಂಗಳ ಕೊನೆಗೆ ಏನು ಉಳಿಯುತ್ತಿತ್ತು, ಯಾರಿಂದ ಕೈಸಾಲ ತಂದಿರಿ. ನಿಮ್ಮ ಪಾಸ್‌ಬುಕ್ಕನ್ನೂ ಅವರ ಮುಂದೆ ಇಡಿ. ಹಳೆಯ ಲೆಕ್ಕದ ಪುಸ್ತಕ ತೆಗೆದವರು ಸಾಮಾನ್ಯವಾಗಿ ಜಗಳ ಮರೆತು ಕತೆ ಹೇಳತೊಡಗುತ್ತಾರೆ. ನನ್ನ ಅನುಭವ ಇದು.

ನಿಮ್ಮ ತಂದೆಯವರು ಇದಕ್ಕೆ ಉತ್ತರ ಬರೆದರೆ ಖಂಡಿತ ಪ್ರಕಟಿಸುತ್ತೇವೆ. ತಾಯಿಯವರು ಬರೆದರೆ ಅದನ್ನೇ ಮೊದಲು ಹಾಕುತ್ತೇವೆ. ಪ್ರೂಫ್ ನೋಡುವವರ ಅಪ್ಪಣೆಯಾಗಿದೆ.

– ಸಂಪಾದಕ