ಭೂಪಟದಲ್ಲಿ ದೂರದ ಸೈಕಲ್ ಮಾರ್ಗ: ಗೆರೆ ಎಳೆಯುವ ಮುನ್ನ

ಸ್ವಯಂಸೇವಕರೇ ಕೂಡಿ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟವು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಅದರಲ್ಲಿ ಸೈಕಲ್ ಮಾರ್ಗಗಳನ್ನು ದಾಖಲಿಸುವ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಹಲವು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಜರ್ಮನಿಯಲ್ಲಿರುವ ನನ್ನ ಸೋದರಳಿಯ ರೈನ್ ನದಿಯ ಗುಂಟ ಸೈಕಲ್ಲಿನಲ್ಲಿ ಹೋಗಿ ಬಂದ. ಅವನ ಮೊಬೈಲಿನ ಭೂಪಟದಲ್ಲಿ ಆ ಮಾರ್ಗವು ಬಣ್ಣದ ಗೆರೆಯಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಸಂತೇಬೆನ್ನೂರಿನ ಪುಷ್ಕರಣಿ ನೋಡಿಕೊಂಡು ಸೂಳೆಕೆರೆಗೆ ನಾವು ವರ್ಷಗಳಿಂದ ಸೈಕಲ್ಲಿನಲ್ಲಿ ಹೋಗುತ್ತಿದ್ದರೂ ನಮ್ಮ ದಾರಿಗೆ ಅಂಥ ಗೆರೆ ಏಕಿಲ್ಲ? ಅದನ್ನು ಎಳೆಯುವವರು ಯಾರು? (ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ ಸೋದರಳಿಯ ತೋರಿಸಿದ್ದು ಯೂರೋಪಿನ ದೂರದ ಸೈಕಲ್ ಮಾರ್ಗಗಳ ಜಾಲವಾದ ಯೂರೋವೆಲೋದ 15ನೇ ಮಾರ್ಗವಾಗಿರಬೇಕು. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಬಳಿಯಿಂದ ಹೊರಟು, ನದಿಯ ಜೊತೆಜೊತೆಗೇ ಸಾಗಿ, ನೆದರ್ಲೆಂಡ್ಸಿನ ಕಡಲತೀರವನ್ನು ಮುಟ್ಟುವ ಇದರ ಉದ್ದ ಸುಮಾರು 1,500 ಕಿ.ಮೀ. ದಾರಿಯುದ್ದಕ್ಕೂ ನೀಲಿ ಹಿನ್ನೆಲೆಯಲ್ಲಿ ನಕ್ಷತ್ರಗಳ ನಡುವೆ ಸಂಖ್ಯೆ ಬರೆದ ಫಲಕಗಳಿವೆ. ಗೆರೆ ಎಳೆದವರು ನಿಮ್ಮಂಥ ಸಾಮಾನ್ಯ ಸ್ವಯಂಸೇವಕರೇ ಆದರೂ ಮಾರ್ಗವನ್ನು ಗೊತ್ತುಪಡಿಸಿದವರು ಅವರಲ್ಲ. ಅದನ್ನು ಗೊತ್ತುಪಡಿಸಿ, ಫಲಕ ಹಾಕಿಸಿ, ನೋಡಿಕೊಳ್ಳುವ ಹೊಣೆ ಹೊತ್ತ ಸಂಸ್ಥೆಗಳು ಬೇರೆ ಇವೆ.

ಈ ಗೆರೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿಗೆ ಸ್ವಂತ ರಸ್ತೆಯೆಂಬುದಿಲ್ಲ. ಇರುವ ರಸ್ತೆಗಳ ಮೇಲೆಯೇ ಅದರ ಮಾರ್ಗ ಹಾದುಹೋಗುತ್ತದೆ. ಸೈಕಲ್ ಮಾರ್ಗವೂ ಹಾಗೆಯೇ. ಭೂಪಟದಲ್ಲಿ ಈಗಾಗಲೇ ಇರುವ ರಸ್ತೆ, ಕಾಲುದಾರಿ, ಸೇತುವೆಗಳ ತುಂಡುಗಳನ್ನು ಕ್ರಮವಾಗಿ ಪೋಣಿಸಿ ಒಂದು ಹೆಸರಿನಡಿ ಸೇರಿಸುವುದಕ್ಕೆ ‘ರಿಲೇಶನ್’ ಎನ್ನುತ್ತಾರೆ. ಅದಕ್ಕೆ ‘ಇದು ಮಾರ್ಗ, ಇದು ಸೈಕಲ್ಲಿನದು’ ಎಂಬ ಎರಡು ಟ್ಯಾಗ್‌ಗಳ (ಗುಣ ತಿಳಿಸುವ ಚೀಟಿಗಳ) ಜೊತೆಗೆ ‘ನೆಟ್‌ವರ್ಕ್’ ಎಂಬ ಮೂರನೆಯ ಟ್ಯಾಗೂ ಬೇಕು. ಅಂತರರಾಷ್ಟ್ರೀಯ ಮಾರ್ಗಕ್ಕೆ ಐಸಿಎನ್, ರಾಷ್ಟ್ರೀಯಕ್ಕೆ ಎನ್‌ಸಿಎನ್, ಪ್ರಾದೇಶಿಕಕ್ಕೆ ಆರ್‌ಸಿಎನ್, ಸ್ಥಳೀಯಕ್ಕೆ ಎಲ್‌ಸಿಎನ್ ಎಂದು ಬರೆಯುವುದು ರೂಢಿ. ಮಾರ್ಗದ ಸಂಖ್ಯೆ, ಹೆಸರು, ನಿರ್ವಹಿಸುವ ಸಂಸ್ಥೆ ಇವು ಇನ್ನುಳಿದ ಟ್ಯಾಗ್‌ಗಳು.

ನಿಮ್ಮ ಸೂಳೆಕೆರೆಯ ದಾರಿ ಚೆಂದದ್ದೇ, ನಾನೂ ಹೋಗಿದ್ದೇನೆ. ಆದರೆ ಆ ದಾರಿಯಲ್ಲಿ ಹೋಗುವ ಅಪರಿಚಿತರೊಬ್ಬರು ‘ಇದೇ ಆ ಮಾರ್ಗ’ ಎಂದು ಯಾರನ್ನೂ ಕೇಳದೆ ಗುರುತಿಸಲು ಆಧಾರವೇನಿದೆ? ಈ ಭೂಪಟದ ಮೂಲ ನಿಯಮವೇ ಅದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸ್ಥಳಕ್ಕೆ ಹೋಗಿ ಪರೀಕ್ಷಿಸಿ, ಹೌದು ಅಥವಾ ಅಲ್ಲ ಎನ್ನುವಂತಿರಬೇಕು.

ಎಲ್ಲ ದೇಶಗಳಲ್ಲೂ ಈ ಆಧಾರ ಒಂದೇ ಬಗೆಯದಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದಲ್ಲಿ ನೀಲಿ ಫಲಕದ ಮೇಲೆ ಕೆಂಪು ಚೌಕದಲ್ಲಿ ಸಂಖ್ಯೆಯಿರುತ್ತದೆ. ಅದನ್ನು ನೋಡಿಯೇ ಬರೆಯಬಹುದು. ಅಮೆರಿಕದಲ್ಲಿ 1982ರಲ್ಲಿ 1 ಮತ್ತು 76 ಎಂಬ ಸಂಖ್ಯೆಗಳಿಂದ ಆರಂಭವಾದ ರಾಷ್ಟ್ರೀಯ ಸೈಕಲ್ ಮಾರ್ಗಗಳದು ಬೇರೆ ಕ್ರಮ. ಅಲ್ಲಿ ರಾಜ್ಯದ ಸಾರಿಗೆ ಇಲಾಖೆ ಅರ್ಜಿ ಸಲ್ಲಿಸುತ್ತದೆ, ಹೆದ್ದಾರಿ ಅಧಿಕಾರಿಗಳ ರಾಷ್ಟ್ರೀಯ ಸಂಘ ಅನುಮೋದಿಸುತ್ತದೆ. ಅನುಮೋದನೆಯಾದರೂ ಎಷ್ಟೋ ಕಡೆ ಫಲಕಗಳಿರುವುದಿಲ್ಲ. ಹೀಗಾಗಿ ಅಲ್ಲಿನ ಸ್ವಯಂಸೇವಕರು ಯಾವ ತಿರುವಿನಲ್ಲಿ ಯಾವ ರಸ್ತೆ ಎಂದು ವಿವರಿಸುವ ಸಾರ್ವಜನಿಕ ಕಡತವನ್ನು ನೋಡಿಕೊಂಡು ದಾಖಲಿಸುತ್ತಾರೆ. ಒಂದು ಕಡೆ ಕಂಬವೇ ಸಾಕ್ಷಿ, ಇನ್ನೊಂದು ಕಡೆ ಕಾಗದ. ನಮ್ಮ ಸೂಳೆಕೆರೆ ದಾರಿಗೆ ಸದ್ಯಕ್ಕೆ ಇವೆರಡೂ ಇಲ್ಲ.

ಪ್ರಶ್ನೆ: ನಮ್ಮ ತಂಡವು ಪ್ರತಿವರ್ಷ ಚಿತ್ರದುರ್ಗದ ಕೋಟೆಯಿಂದ ಹಿರಿಯೂರಿನ ಮೇಲೆ ವಾಣಿವಿಲಾಸ ಸಾಗರಕ್ಕೆ ಸೈಕಲ್ ಜಾಥಾ ನಡೆಸುತ್ತದೆ. ಆ ದಾರಿಯನ್ನು ರಾಷ್ಟ್ರೀಯ ಸೈಕಲ್ ಮಾರ್ಗವೆಂದು ಸೇರಿಸಿದೆ. ವಾರದೊಳಗೆ ಬೇರೊಬ್ಬ ಸ್ವಯಂಸೇವಕರು ಅದನ್ನು ಅಳಿಸಿಹಾಕಿದರು. ಎರಡು ರಾತ್ರಿ ಕೂತು ಮಾಡಿದ ಕೆಲಸ ಹಾಳಾಯಿತು. ಇದು ನ್ಯಾಯವೇ? (ಚಿತ್ರದುರ್ಗ)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಅಳಿಸುವ ಮುಂಚೆ ಅವರು ನಿಮಗೊಂದು ಸಂದೇಶ ಕಳಿಸಿ ಕಾರಣ ತಿಳಿಸಬೇಕಿತ್ತು. ಅಷ್ಟು ಸೌಜನ್ಯ ಈ ಕೆಲಸಕ್ಕೆ ಅಗತ್ಯ. ಆದರೆ ಅಳಿಸಿದ್ದು ಸರಿ. ಒಂದು ತಂಡದ ವಾರ್ಷಿಕ ಸವಾರಿಯಾಗಲಿ, 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ‘ಬ್ರೆವೆ’ ಎಂಬ ದೂರದ ಸವಾರಿಯಾಗಲಿ ಒಂದು ದಿನದ ಕಾರ್ಯಕ್ರಮವೇ ಹೊರತು ನೆಲದ ಮೇಲೆ ಉಳಿಯುವ ಮಾರ್ಗವಲ್ಲ. ಅದರಲ್ಲೂ ‘ಎನ್‌ಸಿಎನ್’ ಟ್ಯಾಗ್ ನೋಡಿದ ಹೊರಊರಿನ ಸವಾರರು, ಸರ್ಕಾರವೇ ಈ ದಾರಿಯನ್ನು ಸೈಕಲ್ಲಿಗೆ ತಕ್ಕುದೆಂದು ಆರಿಸಿದೆಯೆಂದು ನಂಬಿ, ಭಾರದ ಲಾರಿಗಳು ಓಡುವ 48ನೇ ರಾಷ್ಟ್ರೀಯ ಹೆದ್ದಾರಿಗೆ ಒಂಟಿಯಾಗಿ ಇಳಿದರೆ ಆ ಹೊಣೆಯನ್ನು ಯಾರು ಹೊರುತ್ತಾರೆ? ನಿಮ್ಮ ಜಾಥಾದ ದಾರಿಯನ್ನು ಜಿಪಿಎಕ್ಸ್ ಎಂಬ ಜಿಪಿಎಸ್ ಜಾಡಿನ ಕಡತವಾಗಿ ಉಳಿಸಿ ಸದಸ್ಯರಿಗೆ ಹಂಚಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ನಿಮ್ಮ ಎರಡು ರಾತ್ರಿಯ ಶ್ರಮಕ್ಕೆ ಇದಕ್ಕಿಂತ ದೊಡ್ಡ ಕೆಲಸ ಕಾದಿದೆ. ನಮ್ಮ ಜಿಲ್ಲೆಗಳ ಭೂಪಟದಲ್ಲಿ ಕೊರತೆಯಿರುವುದು ಮಾರ್ಗದ ಬಣ್ಣದ ಗೆರೆಯಲ್ಲ, ಅದರ ಅಡಿಯಲ್ಲಿರಬೇಕಾದ ರಸ್ತೆಗಳ ವಿವರ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಮಳೆಗಾಲದಲ್ಲಿ ಹೆದ್ದಾರಿಯನ್ನು ತಪ್ಪಿಸಲೆಂದು ಜಗಳೂರಿನ ಕಡೆಗೆ ಒಳದಾರಿ ಹಿಡಿದೆ. ಭೂಪಟದಲ್ಲಿ ಅದು ಊರಿಂದೂರಿಗೆ ಹೋಗುವ ಸಾಮಾನ್ಯ ರಸ್ತೆಯೆಂದು ಇತ್ತು. ಎರಡು ಕಿಲೋಮೀಟರ್ ಡಾಂಬರು ಮುಗಿದದ್ದೇ ಎರೆಹೊಲಗಳ ನಡುವಿನ ಬಂಡಿದಾರಿ ಶುರುವಾಯಿತು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕಪ್ಪು ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು, ನೂರು ಹೆಜ್ಜೆ ಹೋಗುವುದರೊಳಗೆ ಚಕ್ರ ತಿರುಗುವುದೇ ನಿಂತಿತು. ಜಾಲಿಯ ಕಡ್ಡಿಯಿಂದ ಕೆರೆದು ತೆಗೆಯುವುದು, ಹತ್ತು ಮಾರು ತಳ್ಳುವುದು, ಮತ್ತೆ ಕೆರೆಯುವುದು. ಕೊನೆಗೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಬದುವಿನ ಮೇಲೆ ನಡೆದು ಡಾಂಬರು ಸೇರಬೇಕಾಯಿತು. ಭೂಪಟದಲ್ಲಿ ಆ ದಾರಿಗೆ ಮೇಲ್ಮೈ ಎಂಥದೆಂದು ಹೇಳುವ ‘ಸರ್ಫೇಸ್’ ಎಂಬ ಒಂದೇ ಒಂದು ಟ್ಯಾಗ್ ಇದ್ದಿದ್ದರೆ ನಾನು ಆ ಕಡೆ ತಿರುಗುತ್ತಲೇ ಇರಲಿಲ್ಲ.

ಮರುದಿನ ಅದನ್ನು ಸರಿಪಡಿಸಿದೆ. ರಸ್ತೆಯ ದರ್ಜೆಯನ್ನು ‘ಟ್ರ್ಯಾಕ್’ ಎಂದು ಬದಲಾಯಿಸಿ, ಮೇಲ್ಮೈಯನ್ನು ಬರಿ ಮಣ್ಣೆಂದು ಗುರುತಿಸಿ, ‘ಸ್ಮೂತ್‌ನೆಸ್’ ಟ್ಯಾಗಿನಲ್ಲಿ ಅದರ ಒರಟುತನವನ್ನು ಬರೆದು, ಮಳೆಗಾಲದಲ್ಲಿ ಎರೆಮಣ್ಣು ಅಂಟುತ್ತದೆ ಎಂಬ ವಿವರಣೆ ಸೇರಿಸಿದೆ. ಸೈಕಲ್ ದಾರಿ ಹುಡುಕಿಕೊಡುವ ಹಲವು ಆ್ಯಪ್‌ಗಳು ಈ ಟ್ಯಾಗ್‌ಗಳನ್ನು ಓದಿಯೇ ದಾರಿ ಆರಿಸುತ್ತವೆ. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಗಳು, ಅವು ಎಲ್ಲಿ ಮುಗಿದು ಹೆದ್ದಾರಿಗೆ ಸೇರುತ್ತವೆ ಎಂಬುದು, ಊರೊಳಗೆ ಹೋಗುವ ಕೆಳಸೇತುವೆಗಳು, ಮಳೆ ಬಂದಾಗ ಅವುಗಳಲ್ಲಿ ನೀರು ನಿಲ್ಲುತ್ತದೆಯೇ ಎಂಬುದು: ಇವೆಲ್ಲ ನಿಮ್ಮ ತಂಡಕ್ಕೆ ಗೊತ್ತಿದ್ದಷ್ಟು ಇನ್ನಾರಿಗೆ ಗೊತ್ತು? ಸೈಕಲ್ಲಿಗೆ ನಿಷೇಧವಿರುವ ಕಡೆ ಅದನ್ನೂ ಬರೆಯಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೂ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಗಳಲ್ಲಿ ಇದೆ. ಅಂಥ ಕಡೆ ನಿಷೇಧದ ಟ್ಯಾಗ್ ಮುಖ್ಯ ಪಥಕ್ಕೆ ಮಾತ್ರ ಬೀಳಬೇಕು. ನಮ್ಮ ಭಾಗದ 48ನೇ ಹೆದ್ದಾರಿಯಲ್ಲೂ ಫಲಕ ಕಣ್ಣಿಗೆ ಕಂಡಲ್ಲಿ ಮಾತ್ರ ಬರೆಯಿರಿ. ಇಂಥ ರಸ್ತೆಯಲ್ಲಿ ಸೈಕಲ್ ಬಿಡಲಾರರು ಎಂದು ಊಹಿಸಿ ಬರೆಯಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದೇ ಗೆರೆಯಾಗಿದ್ದ ರಸ್ತೆಯೊಂದು ಈಗ ಜೋಡಿ ರಸ್ತೆಯಾಗಿದೆಯೆಂದು ಹಳೆಯ ಗೆರೆಯನ್ನು ಅಳಿಸಿ ಹೊಸದಾಗಿ ಎರಡು ಗೆರೆ ಎಳೆದೆ. ‘ನಿಮ್ಮಿಂದ ರಿಲೇಶನ್ ತುಂಡಾಗಿದೆ’ ಎಂದು ಯಾರೋ ಸಂದೇಶ ಕಳಿಸಿದ್ದಾರೆ. ಏನು ತಪ್ಪಾಯಿತು? ಸೈಕಲ್ ಮಾರ್ಗಗಳಲ್ಲೂ ಹೀಗಾಗುತ್ತದೆಯೇ? (ಹರಿಹರ)

ಉತ್ತರ: ಆಗುತ್ತದೆ, ಮತ್ತು ದೂರದ ಸೈಕಲ್ ಮಾರ್ಗಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ನೀವು ಅಳಿಸಿದ ಗೆರೆ ಒಂದು ಸರದ ಮಣಿಯಾಗಿತ್ತು. ಗೆರೆ ಹೋದೊಡನೆ ಸರದಿಂದ ಮಣಿ ಉದುರಿತು. ಹೊಸ ಗೆರೆಗಳನ್ನು ಸರಕ್ಕೆ ಯಾರೂ ಪೋಣಿಸಲಿಲ್ಲ. ಪರದೆಯ ಮೇಲೆ ರಸ್ತೆ ಸರಿಯಾಗಿಯೇ ಕಾಣುತ್ತದೆ, ಮಾರ್ಗದಲ್ಲಿ ಮಾತ್ರ ಕಂಡಿ ಬಿದ್ದಿರುತ್ತದೆ.

ಇರುವ ಗೆರೆಯನ್ನು ಅಳಿಸದೆ ಅದನ್ನೇ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಗೆ ಮಾತ್ರ ಹೊಸ ಗೆರೆ ಎಳೆಯುವುದು ಸರಿಯಾದ ಕ್ರಮ. ರಸ್ತೆಯನ್ನು ತುಂಡರಿಸಬೇಕಾದಾಗಲೂ ಅಳಿಸಬೇಕಿಲ್ಲ. ಉದಾಹರಣೆಗೆ ತುಂಗಭದ್ರೆಯ ಮೇಲಿನ ಸೇತುವೆಗೆ ಸೇತುವೆಯ ಟ್ಯಾಗ್ ಹಾಕಬೇಕಾದರೆ ರಸ್ತೆಯನ್ನು ಎರಡೂ ದಡಗಳಲ್ಲಿ ತುಂಡರಿಸಬೇಕಾಗುತ್ತದೆ. ಭೂಪಟ ತಿದ್ದುವ ಸಂಪಾದಕ ತಂತ್ರಾಂಶದಲ್ಲಿರುವ ತುಂಡರಿಸುವ ಸಾಧನವನ್ನೇ ಬಳಸಿದರೆ ಮೂರೂ ತುಂಡುಗಳು ತಾವಾಗಿ ರಿಲೇಶನ್ನಿನಲ್ಲಿ ಉಳಿಯುತ್ತವೆ. ಜೋಡಿ ರಸ್ತೆಯಾದಾಗ ಮಾತ್ರ ಇನ್ನೊಂದು ಎಚ್ಚರ ಬೇಕು: ಹೋಗುವ ಬದಿ ಬೇರೆ, ಬರುವ ಬದಿ ಬೇರೆಯಾಗುವುದರಿಂದ ಎರಡನ್ನೂ ರಿಲೇಶನ್ನಿಗೆ ಸೇರಿಸಿ, ಪ್ರತಿಯೊಂದಕ್ಕೂ ‘ಫಾರ್ವರ್ಡ್’ ಅಥವಾ ‘ಬ್ಯಾಕ್‌ವರ್ಡ್’ ಎಂಬ ಪಾತ್ರ ಕೊಡಬೇಕು. ಆ ಪದಗಳು ಸವಾರ ಹೊರಟ ದಿಕ್ಕನ್ನು ಸೂಚಿಸುವುದಿಲ್ಲ. ಭೂಪಟದಲ್ಲಿ ಆ ಗೆರೆ ಎಳೆದಿರುವ ದಿಕ್ಕಿನಲ್ಲಿ ಮಾರ್ಗ ಸಾಗುತ್ತದೆಯೇ ಅಥವಾ ಅದಕ್ಕೆ ಎದುರಾಗಿಯೇ ಎಂಬುದನ್ನು ಸೂಚಿಸುತ್ತವೆ. ಹೊಸಬರು ಎಡವುವುದು ಇಲ್ಲಿಯೇ. ಜೆಒಎಸ್ಎಂ ಎಂಬ ಸಂಪಾದಕ ತಂತ್ರಾಂಶದ ರಿಲೇಶನ್ ಕಿಟಕಿಯಲ್ಲಿ ಸದಸ್ಯರ, ಅಂದರೆ ಪೋಣಿಸಿದ ತುಂಡುಗಳ, ಪಟ್ಟಿಯ ಪಕ್ಕದಲ್ಲಿ ಒಂದು ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ; ಕಂಡಿ ಇದ್ದಲ್ಲಿ ಆ ಗೆರೆ ಕಡಿದಿರುತ್ತದೆ. ಉಳಿಸುವ ಮುನ್ನ ಅದನ್ನೊಮ್ಮೆ ಕಣ್ಣಾಡಿಸಿ ನೋಡಿ.

ತೀರಾ ಉದ್ದದ ಮಾರ್ಗವನ್ನು ಒಂದೇ ರಿಲೇಶನ್ನಿಗೆ ತುಂಬಬೇಡಿ. ಮುನ್ನೂರು ಸದಸ್ಯರು ಮೀರಿದರೆ ಅದನ್ನು ಸಂಭಾಳಿಸುವುದು ಕಷ್ಟ. ಒಂದೇ ಸಮಯಕ್ಕೆ ಇಬ್ಬರು ತಿದ್ದಹೋಗಿ ಘರ್ಷಣೆಯಾಗುವುದೂ ಹೆಚ್ಚು. ಆದ್ದರಿಂದಲೇ ರೈನ್ ಮಾರ್ಗದಂಥವನ್ನು ತುಂಡುತುಂಡಾಗಿ ಬೇರೆ ಬೇರೆ ರಿಲೇಶನ್‌ಗಳಲ್ಲಿಟ್ಟು, ಅವೆಲ್ಲವನ್ನೂ ಒಂದು ದೊಡ್ಡ ರಿಲೇಶನ್ನಿನೊಳಗೆ ಕೂಡಿಸುತ್ತಾರೆ.

ಪ್ರಶ್ನೆ: ಗೂಗಲ್ ಮ್ಯಾಪಿನಲ್ಲಿರುವ ದಾರಿಯನ್ನು ನೋಡಿಕೊಂಡು ಎಳೆಯಬಹುದೇ? (ಹೊಳಲ್ಕೆರೆ)

ಉತ್ತರ: ಕೂಡದು. ಅದರ ಹಕ್ಕು ಬೇರೆಯವರದು. 2012ರಿಂದ ಓಡಿಬಿಎಲ್ ಎಂಬ ಮುಕ್ತ ಪರವಾನಗಿಯಡಿ ಇರುವ ಈ ಭೂಪಟಕ್ಕೆ ಅಂಥ ಮೂಲದಿಂದ ಬಂದದ್ದೆಲ್ಲವನ್ನೂ ಕಿತ್ತುಹಾಕಬೇಕಾಗುತ್ತದೆ. ಅಚ್ಚಾದ ಪ್ರವಾಸಿ ನಕ್ಷೆಗಳಿಗೂ ಇದೇ ಮಾತು. ನಿಮ್ಮ ಜಿಪಿಎಸ್ ಜಾಡು, ನೀವೇ ತೆಗೆದ ಫೋಟೋ, ಸಂಪಾದಕ ತಂತ್ರಾಂಶದಲ್ಲಿ ಅನುಮತಿಯೊಂದಿಗೆ ಒದಗಿಸಿರುವ ಉಪಗ್ರಹ ಚಿತ್ರ ಇವುಗಳನ್ನು ಬಳಸಿ.

ಪ್ರಶ್ನೆ: ಭದ್ರಾ ನಾಲೆಯ ಏರಿಯ ಮೇಲೆ ಬೆಳಗಿನ ಹೊತ್ತು ಹತ್ತಾರು ಜನ ಸೈಕಲ್ ತುಳಿಯುತ್ತಾರೆ. ಸ್ಥಳೀಯ ಸಂಸ್ಥೆಯವರು ಇದನ್ನು ಸೈಕಲ್ ಮಾರ್ಗವಾಗಿ ಘೋಷಿಸಿ ಫಲಕ ಹಾಕುವ ಮಾತಾಡುತ್ತಿದ್ದಾರೆ. ಈಗಲೇ ಸೇರಿಸಬಹುದೇ? (ದಾವಣಗೆರೆ ತಾಲ್ಲೂಕು)

ಉತ್ತರ: ಮಾತು ಠರಾವಾಗುವವರೆಗೆ ಕಾಯಿರಿ. ಠರಾವಾಗಿ, ದಾರಿ ಇಂಥಲ್ಲಿಂದ ಇಂಥಲ್ಲಿಗೆ ಎಂದು ನಿಶ್ಚಯವಾಗಿ, ಫಲಕ ಮಾತ್ರ ಬಾಕಿಯಿದ್ದರೆ ‘ಸ್ಟೇಟ್’ ಟ್ಯಾಗಿನಲ್ಲಿ ‘ಪ್ರಪೋಸ್ಡ್’ ಎಂದು ಬರೆದು ರಿಲೇಶನ್ ಮಾಡಬಹುದು. ಸೈಕಲ್ ಮಾರ್ಗ ತೋರಿಸುವ ಭೂಪಟಗಳಲ್ಲಿ ಅಂಥದ್ದು ಸಾಮಾನ್ಯವಾಗಿ ಕಡಿದ ಗೆರೆಯಾಗಿ ಕಾಣುತ್ತದೆ. ಅಷ್ಟರೊಳಗೆ ಏರಿಯ ದಾರಿಯನ್ನು ಇರುವಂತೆಯೇ ದಾಖಲಿಸಿ. ಅದು ನಾಲೆಯ ನಿರ್ವಹಣೆಗೆಂದು ಮಾಡಿದ ದಾರಿ. ಎಲ್ಲಿ ಗೇಟಿದೆ, ಎಲ್ಲಿ ಜಲ್ಲಿ, ಎಲ್ಲಿ ಮಣ್ಣು, ಎಲ್ಲಿ ತೂಬಿನ ಬಳಿ ಇಳಿದು ತಳ್ಳಬೇಕು ಎಂಬುದು ಮುಖ್ಯ.

ಫಲಕಗಳು ಬಂದ ಮೇಲೆ ‘ಪ್ರಪೋಸ್ಡ್’ ತೆಗೆದು, ವ್ಯಾಪ್ತಿ ಸ್ಥಳೀಯವಾದ್ದರಿಂದ ನೆಟ್‌ವರ್ಕನ್ನು ಎಲ್‌ಸಿಎನ್ ಎಂದೇ ಇಡಿ. ಹೆಸರನ್ನು ಫಲಕದಲ್ಲಿ ಇರುವಂತೆ ಕನ್ನಡದಲ್ಲಿ ಬರೆದು, ಇಂಗ್ಲಿಷ್ ಹೆಸರಿಗೆ ಇರುವ ಬೇರೆ ಟ್ಯಾಗನ್ನೂ ತುಂಬಿ. ನಿರ್ವಹಿಸುವ ಸಂಸ್ಥೆಯ ಹೆಸರನ್ನು ಮರೆಯಬೇಡಿ. ಮುಂದೆ ಅವರು ಮಾರ್ಗವನ್ನು ಕೈಬಿಟ್ಟರೆ ಯಾರನ್ನು ವಿಚಾರಿಸಬೇಕೆಂದು ಇನ್ನೊಬ್ಬರಿಗೆ ತಿಳಿಯುವುದು ಅದರಿಂದಲೇ. ಬ್ರಿಟನ್ನಿನಲ್ಲಿ 2020ರಲ್ಲಿ ಸುರಕ್ಷತೆಯ ಕಾರಣಕ್ಕೆ ರಾಷ್ಟ್ರೀಯ ಜಾಲದ ಸುಮಾರು ಕಾಲುಭಾಗವನ್ನು ಕೈಬಿಡುವ ಅಥವಾ ಬೇರೆ ವರ್ಗಕ್ಕೆ ಸೇರಿಸುವ ತೀರ್ಮಾನವಾದಾಗ ಅಲ್ಲಿನ ಸ್ವಯಂಸೇವಕರು ಒಂದೊಂದೇ ರಿಲೇಶನ್ ತೆರೆದು ತಿದ್ದಬೇಕಾಯಿತು.

ಪ್ರತಿಯೊಂದು ಫಲಕವನ್ನೂ ದಿಕ್ಕುಕಂಬವಾಗಿ ಬಿಂದುವಿನಲ್ಲಿ ಗುರುತಿಸಿ, ಫೋಟೋ ತೆಗೆದಿಡಿ. ಎರಡೂ ದಿಕ್ಕಿನಿಂದ ಸೈಕಲ್ ತುಳಿದು ನೋಡಿ. ಹೋಗುವಾಗ ಎದುರಿಗೇ ಕಾಣುವ ಕಂಬವು ಬರುವಾಗ ಬೆನ್ನು ತೋರಿಸುವುದುಂಟು. ಆ ತಿರುವಿನಲ್ಲಿ ಹಿಂದಿರುಗುವ ಸವಾರರಿಗೆ ಗುರುತೇ ಇಲ್ಲವೆಂದು ಸಂಸ್ಥೆಯವರಿಗೆ ಫೋಟೋ ಸಹಿತ ತಿಳಿಸಿದರೆ ಅವರು ಇನ್ನೊಂದು ಫಲಕವನ್ನು ಅಲ್ಲೇ ಹಾಕಿಸಬಹುದು.