ಓದುಗರ ಪ್ರಶ್ನೆ: ಪಿಟೀಲು ವಾಪಸ್ ಬಂದ ವರ್ಷ

ಪ್ರಶ್ನೆ: ಅಕ್ಕಾ, ನಮ್ಮ ಸೋದರಮಾವ ಕೆ.ಜಿ.ಎಫ್. ಗಣಿಯಲ್ಲಿ ಕೆಲಸಕ್ಕಿದ್ದರು. ಅವರ ಮನೆಗೆ ಹೋದಾಗಲೆಲ್ಲ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿ ಹಾಡಿನಿಂದ ಬೆಳೆದ ಸಂಗೀತ) ಗಾಯಕ ಜಿಮ್ ರೀವ್ಸ್ ಹಾಡು ಕೇಳುತ್ತಿದ್ದೆ. ಮೊನ್ನೆ ಮಗ ರ‍್ಯಾಂಡಿ ಟ್ರಾವಿಸ್ ಅನ್ನುವವರ ಮೊದಲ ಆಲ್ಬಂ ಹಾಕಿ, ‘ಅಪ್ಪಾ, ಸಾಂಪ್ರದಾಯಿಕ ಕಂಟ್ರಿ ಅಂದರೆ ಇದು’ ಎಂದ. ಅದು ಬಂದದ್ದು 1986ರಲ್ಲಂತೆ. ರೀವ್ಸ್ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದೇ 1964ರಲ್ಲಿ. ಹಳಬರು ರೀವ್ಸ್ ಅಲ್ಲವೇ? ಸಂಪ್ರದಾಯ ಈ ಹೊಸಬರದ್ದು ಹೇಗಾಯಿತು?
– ನಿವೃತ್ತ ಶಿಕ್ಷಕರು, ಬಂಗಾರಪೇಟೆ

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ನನ್ನನ್ನು ಚಾಂಪಿಯನ್ ರೀಫ್‌ನ ನಮ್ಮ ಲೈನ್ ಮನೆಗೆ ಕರೆದುಕೊಂಡು ಹೋಯಿತು. ನಮ್ಮಪ್ಪನೂ ಗಣಿಯವರೇ. ಎರಡು ಬೀದಿ ಆಚೆ ಒಂದು ಆಂಗ್ಲೋ ಇಂಡಿಯನ್ ಮನೆ. ಭಾನುವಾರ ಚರ್ಚಿನಿಂದ ಬಂದ ಮೇಲೆ ಆ ಮನೆಯ ಆಂಟಿ ರೀವ್ಸ್ ರೆಕಾರ್ಡ್ ಹಾಕುತ್ತಿದ್ದರು. ಅಲ್ಲಿಗೆ ಹಾಲು ಕೊಡಲು ಹೋಗುತ್ತಿದ್ದ ನಮ್ಮಮ್ಮ ಚೊಂಬು ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಇಂಗ್ಲಿಷ್ ಒಂದಕ್ಷರ ಬಾರದು. ‘ಕಿವಿ ಹತ್ತಿರ ಬಂದು ಹೇಳ್ದಂಗೆ ಹಾಡ್ತಾನೆ ಕಣೇ’ ಅನ್ನುತ್ತಿದ್ದಳು. ಅವಳು ಹೇಳಿದ್ದು ನಿಜ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ರೀವ್ಸ್ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಮೆಲ್ಲಗೆ ಹಾಡುತ್ತಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ಆ ಮೆಲುದನಿಯಲ್ಲೇ ಇದೆ. 1950ರ ದಶಕದ ಕೊನೆಯಲ್ಲಿ ರಾಕ್ ಅಂಡ್ ರೋಲ್ ಹುಡುಗರನ್ನೆಲ್ಲ ಎಳೆದುಕೊಂಡಿತ್ತು. ಪೇಟೆಯ ಕೇಳುಗರನ್ನಾದರೂ ಹಿಡಿಯೋಣವೆಂದು, ಅಮೆರಿಕದಲ್ಲಿ ಕಂಟ್ರಿ ರೆಕಾರ್ಡುಗಳ ಊರಾದ ನ್ಯಾಶ್‌ವಿಲ್‌ನ ನಿರ್ಮಾಪಕರು, ಅವರಲ್ಲಿ ಚೆಟ್ ಆಟ್ಕಿನ್ಸ್ ಮುಖ್ಯರು, ಹಳ್ಳಿಯ ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹಿಂದೆ ಸರಿಸಿ ವಯಲಿನ್ ತಂಡ, ಕೋರಸ್ ತಂದರು. ಇದಕ್ಕೆ ‘ನ್ಯಾಶ್‌ವಿಲ್ ಸೌಂಡ್’ ಎಂದು ಹೆಸರಾಯಿತು. ಪಿಟೀಲು, ವಯಲಿನ್ ಎರಡೂ ಒಂದೇ ವಾದ್ಯ, ನುಡಿಸುವ ಕೈ ಬೇರೆ. ಹತ್ತಾರು ಸೇರಿದಾಗ ರೇಷ್ಮೆ ಹಾಸಿದಂತೆ ಕೇಳುತ್ತದೆ. ಒಂದೇ ಇದ್ದಾಗ ಹಾಡುಗಾರನಿಗೆ ಮಾರುತ್ತರ ಕೊಡುತ್ತದೆ. ರೀವ್ಸ್ ಆ ರೇಷ್ಮೆಯ ಕಾಲದ ಬಹು ದೊಡ್ಡ ಹೆಸರು. ಅವರ ಹಾಡು ನಮಗೆ ಹಳೆಯದು, ಅವರ ಕಾಲಕ್ಕೆ ಅದೇ ಹೊಸ ಫ್ಯಾಷನ್.

ಟ್ರಾವಿಸ್ ಆ ರೇಷ್ಮೆ ದಾಟಿ ಅದಕ್ಕೂ ಹಿಂದಕ್ಕೆ, ಪಿಟೀಲು, ಸ್ಟೀಲ್ ಗಿಟಾರ್ ಇನ್ನೂ ಮುಂದಿದ್ದ ಹ್ಯಾಂಕ್ ವಿಲಿಯಮ್ಸ್, ಲೆಫ್ಟಿ ಫ್ರಿಜೆಲ್ ಎಂಬ ಹಳೆಯ ಹಾಡುಗಾರರ ಕಾಲಕ್ಕೆ ಹೋದರು. 1959ರಲ್ಲಿ ನಾರ್ತ್ ಕೆರೊಲಿನಾದ ಮಾರ್ಷ್‌ವಿಲ್‌ನಲ್ಲಿ ಹುಟ್ಟಿದವರು. ನ್ಯಾಶ್‌ವಿಲ್‌ನ ಒಂದು ಕ್ಲಬ್ಬಿನಲ್ಲಿ ಅಡುಗೆ ಮಾಡುತ್ತಾ, ಪಾತ್ರೆ ತೊಳೆಯುತ್ತಾ, ಅಲ್ಲೇ ವೇದಿಕೆ ಹತ್ತಿ ಹಾಡುತ್ತಿದ್ದರು. ರೆಕಾರ್ಡ್ ಕಂಪನಿಗಳು ‘ತೀರಾ ಕಂಟ್ರಿ ಆಯಿತು’ ಎಂದು ವಾಪಸ್ ಕಳಿಸಿದವು. ಕಂಟ್ರಿ ಹಾಡಿನ ರಾಜಧಾನಿಯಲ್ಲೇ ಈ ಮಾತು! ನನಗೆ ಇವತ್ತಿಗೂ ಇದನ್ನು ನೆನೆದರೆ ಸಂಕಟವಾಗುತ್ತದೆ. ಕೊನೆಗೆ ವಾರ್ನರ್ ಬ್ರದರ್ಸ್ ಒಪ್ಪಿತು. ‘ಸ್ಟಾರ್ಮ್ಸ್ ಆಫ್ ಲೈಫ್’ ಬಂತು, ಹತ್ತು ಹಾಡು.

ಅದರಲ್ಲಿ ಒಂದು ಹಾಡಿನ ಕಥೆ ಕೇಳಿ. ಪರಸ್ತ್ರೀಯ ಕಡೆ ಮನಸ್ಸು ಜಾರುತ್ತಿರುವ ಗಂಡ, ಒಂದು ಕೈಯಲ್ಲಿ ಇವಳ ಆಸೆ ಎಣಿಸುತ್ತಾ ಇನ್ನೊಂದು ಕೈಯ ಮದುವೆ ಉಂಗುರ ನೋಡಿಕೊಳ್ಳುತ್ತಾನೆ. ಅಷ್ಟೇ ಹಾಡು. 1985ರಲ್ಲಿ ಬಿಟ್ಟಾಗ ಕಂಟ್ರಿ ಪಟ್ಟಿಯಲ್ಲಿ 67ನೇ ಸ್ಥಾನಕ್ಕೇ ನಿಂತಿತು. ಆಮೇಲೆ ಇನ್ನೊಂದು ಹಾಡು 6ಕ್ಕೆ ಏರಿತು. ಆಗ ಅದೇ ಉಂಗುರದ ಹಾಡನ್ನು ಮತ್ತೆ ಬಿಟ್ಟರು, 1986ರಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. 6ಕ್ಕೆ ಏರಿದ ಆ ಹಾಡು ನಿಮಗೆ ಹಿಡಿಸುತ್ತದೆ ನೋಡಿ: ಟೆಲಿಫೋನ್ ಆಪರೇಟರನ್ನು ಕರೆದು, 1982ಕ್ಕೆ ಲೈನ್ ಕೊಡಿ, ಬಿಟ್ಟುಹೋದವಳ ಹತ್ತಿರ ತಪ್ಪೊಪ್ಪಿಕೊಳ್ಳಬೇಕು ಎಂದು ಬೇಡುತ್ತಾನೆ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಕಂಟ್ರಿ ಹಾಡುಗಳಲ್ಲಿ ಅಳುವ ಹಾಗೆ ಕೇಳುವ ವಾದ್ಯ ಯಾವುದು?
– ಪಿ.ಯು. ವಿದ್ಯಾರ್ಥಿನಿ, ಶ್ರೀನಿವಾಸಪುರ

ಉತ್ತರ: ಪೆಡಲ್ ಸ್ಟೀಲ್ ಗಿಟಾರ್. ಮೇಜಿನ ಹಾಗೆ ಮುಂದಿಟ್ಟುಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತಾರೆ. ಕಾಲಿನ ಪೆಡಲ್, ಮಂಡಿಯ ಸನ್ನೆ ಒತ್ತಿದರೆ ತಂತಿ ಬಿಗಿಯುತ್ತದೆ, ಸಡಿಲವಾಗುತ್ತದೆ. ಸ್ವರ ಬಾಗುವುದು ಅದರಿಂದ. ನಮ್ಮ ಗೋಟುವಾದ್ಯದಲ್ಲೂ ಹೀಗೆ ತಂತಿಯ ಮೇಲೆ ಕೊರಡು ಜಾರಿಸಿಯೇ ನುಡಿಸುವುದು. ಒಮ್ಮೆ ಎರಡನ್ನೂ ಒಂದರ ಹಿಂದೊಂದು ಕೇಳಮ್ಮ.

ಪ್ರಶ್ನೆ: ಅಕ್ಕಾ, ನಮ್ಮಣ್ಣ ಭಜನೆ ಮಂಡಳಿಯಲ್ಲಿ ಕೈವಾರ ತಾತಯ್ಯನವರ ಪದ ಹಾಡುತ್ತಾರೆ. ಮೊದಲ ಆಲ್ಬಂ ಮಾಡಿಸಲು ಸ್ಟುಡಿಯೋಗೆ ಹೋದರೆ, ‘ತಂಬೂರಿ, ಚಿಟಿಕೆ ಬೇಡ, ಕೀಬೋರ್ಡ್, ರಿದಂ ಪ್ಯಾಡ್ ಹಾಕೋಣ, ಇಲ್ಲದಿದ್ದರೆ ಯಾರೂ ಕೇಳಲ್ಲ’ ಅಂದರು. ಅಣ್ಣನಿಗೆ ನಿದ್ದೆಯಿಲ್ಲ.
– ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಮೇಲಿನ ಉಂಗುರದ ಹಾಡಿನ ಕಥೆ ಅಣ್ಣನಿಗೆ ಓದಿ ಹೇಳಮ್ಮ. 67ನೇ ಸ್ಥಾನದಲ್ಲಿ ನಿಂತಾಗ ಟ್ರಾವಿಸ್ ಹಾಡಿನ ಧಾಟಿ ಬದಲಿಸಲಿಲ್ಲ. ಕೀಬೋರ್ಡ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ತತ್ವಪದದಲ್ಲಿ ಹಾಡುವವರು ಉಸಿರು ಬಿಟ್ಟಲ್ಲಿ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳಬೇಕು. ಯಂತ್ರದ ತಾಳ ಆ ಉಸಿರಿಗೆ ಕಾಯುವುದಿಲ್ಲ, ಪದ ಓಡಿಬಿಡುತ್ತದೆ. ತಾತಯ್ಯನವರ ತೆಲುಗು ಪದಗಳನ್ನು ಹಾಗೆ ಓಡಿಸಿದರೆ ನಮ್ಮ ಕಡೆಯ ಮುದುಕರಿಗೂ ಅರ್ಥ ಹತ್ತುವುದಿಲ್ಲ.

ಅಣ್ಣ ಬೇರೆ ಸ್ಟುಡಿಯೋ ನೋಡಲಿ, ಅಥವಾ ಇದೇ ಸ್ಟುಡಿಯೋದವರನ್ನು ಒಂದು ರಾತ್ರಿ ಭಜನೆಗೆ ಕರೆಯಲಿ. ಒಬ್ಬೊಬ್ಬರನ್ನೇ ಬೇರೆ ಬೇರೆ ಹಾಡಿಸುವುದು ಬೇಡ. ಮಂಡಳಿಯವರೆಲ್ಲ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ಹಾಡಲಿ. ಎಂಟು ಪದ ಸಾಕು, ಬಾಯಿಗೆ ಚೆನ್ನಾಗಿ ಕೂತವು ಮಾತ್ರ. ಚಿಟಿಕೆ ಸದ್ದು ಮೈಕಿಗೆ ಜೋರಾದರೆ ಚಿಟಿಕೆಯವರನ್ನು ಎರಡು ಮಾರು ಹಿಂದೆ ಕೂರಿಸಿ, ಮನೆಗೆ ಮಾತ್ರ ಕಳಿಸಬೇಡಿ.